ನಿಷ್ಫಲ ಕರ್ಮವೂ ಕಲ್ಲಿದ್ದಲಿನ ಪರಾಗವೂ

ಮಾಡಿದ ಕಾರ್ಯವು ತಾನು ಗುರಿಯಿಟ್ಟ ಫಲವನ್ನು ಮುಟ್ಟದೆ ಹೋದಲ್ಲಿ ಅದು ವ್ಯರ್ಥವಾಯಿತೆನ್ನಬೇಕೆ? ಈ ಪ್ರಶ್ನೆ ಪುರಾತನವಾದುದು. ಪಾಠಶಾಲೆಯಲ್ಲಿದ್ದಾಗ ನಾವು ಇದನ್ನು ವಾದದ ಅಭ್ಯಾಸಕ್ಕಾಗಿ ಎತ್ತಿಕೊಳ್ಳುತ್ತಿದ್ದೆವು. ಪೂರ್ವಪಕ್ಷ ಯಾರದು, ಸಿದ್ಧಾಂತ ಯಾರದು ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಿಕೊಂಡದ್ದೂ ಉಂಟು. ಅರವತ್ತು ದಾಟಿದ ಮೇಲೆ ಹಾಗೆ ಆಟಕ್ಕೆ ಎತ್ತಿಕೊಳ್ಳುವ ಪ್ರಶ್ನೆಯಾಗಿ ಅದು ಉಳಿಯುವುದಿಲ್ಲ. ನಮ್ಮೊಡನೆ ಪಾಠ ಹೇಳಿ ನಿವೃತ್ತರಾದ ಮಿತ್ರರೊಬ್ಬರು ಈಚೆಗೆ, “ಮೂವತ್ತೈದು ವರ್ಷ ಶಬ್ದಮಂಜರಿಯನ್ನು ಬಾಯಿಪಾಠ ಮಾಡಿಸಿದೆನಲ್ಲ ಶಾಸ್ತ್ರಿಗಳೇ, ರಾಮಶಬ್ದವನ್ನು ಇಂದಿಗೂ ತಪ್ಪಿಲ್ಲದೆ ಹೇಳುವ ಶಿಷ್ಯನೊಬ್ಬನನ್ನು ತೋರಿಸಿರಿ ನೋಡೋಣ” ಎಂದರು. ಅಲ್ಲಿದ್ದ ಮತ್ತೊಬ್ಬರು, “ಲೋಕದಲ್ಲಿ ಯಾವುದೂ ವ್ಯರ್ಥವಲ್ಲ ಬಿಡಿ” ಎಂದು ಸಮಾಧಾನ ಹೇಳಿದರು. ಮಿತ್ರರಿಗೆ ಸಮಾಧಾನವಾದಂತೆ ಕಾಣಲಿಲ್ಲ, ನಮಗೂ ಆಗಲಿಲ್ಲ. ಯಾವುದೂ ವ್ಯರ್ಥವಲ್ಲವೆಂಬ ಮಾತನ್ನು ಜನರು ದುಃಖಿತನ ಬೆನ್ನು ಸವರುವುದಕ್ಕಾಗಿ ಹೇಳುವರೇ ಹೊರತು, ಅದು ನಿಜವೋ ಸುಳ್ಳೋ ಎಂದು ಯಾರೂ ನಿಲ್ಲಿಸಿ ಕೇಳುವುದಿಲ್ಲ. ಕೇಳಿ ನೋಡಬೇಕೆಂದು ಈ ಲೇಖನ. ಅದಕ್ಕೆ ಬೇಕಾದ ಸಾಮಗ್ರಿಯು ನಮಗೆ ಧರ್ಮಶಾಸ್ತ್ರಕ್ಕಿಂತ ಹೆಚ್ಚಾಗಿ ಭೂಗರ್ಭಶಾಸ್ತ್ರದಲ್ಲಿ ದೊರೆಯಿತು. ವಾಚಕರು ಸ್ವಲ್ಪ ಹೊತ್ತು ಕಲ್ಲಿದ್ದಲಿನ ಗಣಿಯೊಳಕ್ಕೆ ಇಳಿಯಲು ಮನಸ್ಸು ಮಾಡಬೇಕು.

ನಮ್ಮ ಕರ್ಣಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ಇಲ್ಲಿನ ಬಂಡೆಗಳ ಬಹುಭಾಗವು ಅದಕ್ಕಿಂತ ಬಹಳ ವೃದ್ಧವಾದುದು. ಭೂಮಿಯ ಮೇಲೆ ಮರವೆಂಬುದೇ ಹುಟ್ಟುವ ಮೊದಲಿನದು. ಕಲ್ಲಿದ್ದಲಿಗಾಗಿ ನಾವು ದಾಮೋದರ, ಮಹಾನದಿ, ಗೋದಾವರಿಗಳ ಕಣಿವೆಗಳಿಗೆ ಹೋಗಬೇಕು. ಬಂಗಾಳದ ರಾಣಿಗಂಜಿನಲ್ಲಿ ಆಂಗ್ಲರು ೧೭೭೪ರಲ್ಲಿಯೇ ಅದನ್ನು ಅಗೆಯತೊಡಗಿದರು. ೧೮೫೧ರಲ್ಲಿ ಈ ದೇಶದ ಭೂಗರ್ಭ ಪರಿಶೋಧನಾ ಇಲಾಖೆಯು ಹುಟ್ಟಿದ್ದೂ ಮುಖ್ಯವಾಗಿ ಕಲ್ಲಿದ್ದಲನ್ನು ಹುಡುಕುವುದಕ್ಕಾಗಿಯೇ. ಆ ಕಣಿವೆಗಳ ಶಿಲಾಸ್ತರಗಳಿಗೆ ಗೊಂಡ್ವಾನವೆಂದು ಹೆಸರಿಟ್ಟವರು ಅದೇ ಇಲಾಖೆಯ ಮೆಡ್ಲಿಕಾಟರು. ಗೊಂಡರ ನಾಡಿನ ಆ ಹೆಸರನ್ನೇ ಮುಂದೆ ಪಂಡಿತರು ದಕ್ಷಿಣದ ಖಂಡಗಳೆಲ್ಲವೂ ಒಂದಾಗಿದ್ದ ಮಹಾಭೂಮಿಗೆ ಇಟ್ಟರು.

ನೆಲವು ನಿಧಾನವಾಗಿ ಕುಸಿಯುತ್ತಿದ್ದ ಉದ್ದನೆಯ ತಗ್ಗುಗಳಲ್ಲಿ ನದಿಗಳು ಮರಳನ್ನೂ ಕೆಸರನ್ನೂ ತಂದು ತುಂಬುತ್ತಿದ್ದುವು. ನಡುನಡುವೆ ಜೌಗು ಅರಣ್ಯಗಳು ಬೆಳೆದು, ಬಿದ್ದು, ನೀರಿನಡಿ ಕೊಳೆಯಲಾರದೆ ಹೂತುಹೋಗುತ್ತಿದ್ದುವು. ಹಾಗೆ ಹೂತದ್ದೇ ಒತ್ತಡದಿಂದಲೂ ಶಾಖದಿಂದಲೂ ಕಲ್ಲಿದ್ದಲಾಯಿತು. ಅದರ ನಯಮಾಡಿದ ತುಂಡೊಂದನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ, ಕಣ್ಣಿಗೆ ಏಕರೂಪವಾದ ಕರಿಯ ವಸ್ತುವು ಹಲವಾಗಿ ಒಡೆಯುವುದು. ಇದರ ಘಟಕಗಳನ್ನು ಬರಿಗಣ್ಣಿನಿಂದಲೇ ನಾಲ್ಕಾಗಿ ವಿಂಗಡಿಸಿ ಹೆಸರಿಟ್ಟವರು ೧೯೧೯ರಲ್ಲಿ ಮೇರಿ ಸ್ಟೋಪ್ಸ್ ಎಂಬ ಆಂಗ್ಲ ವಿದುಷಿ. ಸೂಕ್ಷ್ಮದರ್ಶಕದಲ್ಲಿ ಕಾಣುವ ಕಣಗಳನ್ನು ಇಂದು ಮೂರು ಬಗೆಯಾಗಿ ಎಣಿಸುತ್ತಾರೆ. ಒಂದು, ಮರ ತೊಗಟೆಗಳು ಗಂಜಿಯಾಗಿ ಗಟ್ಟಿಗೊಂಡ ಹೊಳೆಯುವ ಭಾಗ. ಇನ್ನೊಂದು, ಹೂಳುವ ಮೊದಲೇ ಸುಟ್ಟೋ ಗಾಳಿಗೊಡ್ಡಿಯೋ ಇದ್ದಲಿನಂತಾದ ಭಾಗ. ಮೂರನೆಯದು, ಎಲೆಯ ಮೇಲಣ ಮೇಣದ ಪೊರೆ, ಮರದ ಅಂಟು, ಬೀಜಾಣು, ಪರಾಗ ಇವುಗಳಿಂದಾದುದು. ಹೆಚ್ಚು ಬೇಯದ ಕಲ್ಲಿದ್ದಲಿನಲ್ಲಿ ಇದರ ಮೇಲೆ ನೀಲಿಯ ಬೆಳಕನ್ನು ಬಿಟ್ಟರೆ ಹಳದಿಯಾಗಿ ಮಿನುಗುವುದು. ನಮ್ಮ ದೇಶದ ಗೊಂಡ್ವಾನ ಕಲ್ಲಿದ್ದಲಿನಲ್ಲಿ ಎರಡನೆಯ ಬಗೆ ಹೆಚ್ಚು. ಕೆಸರೂ ಹೆಚ್ಚಾಗಿ ಬೆರೆತಿರುವುದರಿಂದ ನೂರಕ್ಕೆ ಮೂವತ್ತು ನಲವತ್ತು ಪಾಲು ಬೂದಿ ಉಳಿಯುವುದು ಸಾಮಾನ್ಯ. ಒಲೆ ಹಚ್ಚುವವನಿಗೆ ಇದು ದೋಷ. ಕೇಳಬಲ್ಲವನಿಗೆ ಇದೇ ಸಂಗತಿ, ಆ ಅರಣ್ಯದಲ್ಲಿ ನೀರು ಒಮ್ಮೆ ಇಳಿದು ಒಮ್ಮೆ ಏರುತ್ತಿತ್ತು, ಬೆಂಕಿಯೂ ಬೀಳುತ್ತಿತ್ತು, ಹೊಳೆ ಪದೇ ಪದೇ ಕದಡುತ್ತಿತ್ತು ಎಂಬುದನ್ನು ತಿಳಿಸುವುದು.

ಪರಾಗವನ್ನು ಬಿಡಿಸುವ ಕ್ರಮ ಇನ್ನೂ ಕುತೂಹಲವಾದುದು. ಜೇಡಿಶಿಲೆಯಾದರೆ ಗಾಜನ್ನೇ ಕರಗಿಸಬಲ್ಲ ಹೈಡ್ರೊಫ್ಲೂರಿಕ್ ಆಮ್ಲದಲ್ಲಿ ಅದನ್ನು ಕರಗಿಸುವರು. ಕಲ್ಲಿದ್ದಲಾದರೆ ನೈಟ್ರಿಕ್ ಆಮ್ಲದಲ್ಲಿ ನೆನೆಸಿ ಕ್ಷಾರದಲ್ಲಿ ತೊಳೆಯುವರು. ಕಲ್ಲು ಹೋಗುವುದು, ಪರಾಗ ಉಳಿಯುವುದು. ಬಂಡೆಗಿಂತಲೂ ಗಟ್ಟಿಯೆ ಆ ಧೂಳು ಎಂದರೆ, ಗಟ್ಟಿಯಲ್ಲ, ಹಟಮಾರಿ. ಅದರ ಹೊರಗವಚವನ್ನು ಸಾಧಾರಣ ಆಮ್ಲಗಳಾಗಲಿ ಕೊಳೆಯಾಗಲಿ ಮುಟ್ಟಲಾರವು. ಒಂದೊಂದು ಕಣವೂ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ಚಿಕ್ಕದು. ರಾಣಿಗಂಜಿನ ಸ್ತರಗಳಲ್ಲಿ ಹೇರಳವಾಗಿ ಸಿಕ್ಕುವ ಕಣಕ್ಕೆ ನಡುವೆ ಗೆರೆಗೆರೆಯಾದ ಒಡಲು, ಇಕ್ಕೆಲಗಳಲ್ಲಿ ಗಾಳಿ ತುಂಬಿದ ಎರಡು ರೆಕ್ಕೆಗಳು. ಇವು ಗ್ಲಾಸಾಪ್ಟೆರಿಸ್ ಜಾತಿಯ ಮರಗಳವು. ನಾಲಗೆಯಂತಹ ಎಲೆಯುಳ್ಳ ಈ ಮರಕ್ಕೆ ಹೂವಿರಲಿಲ್ಲ, ಬೀಜವಿತ್ತು. ಹೆಸರಿಟ್ಟವರು ಬ್ರಾಂಗ್ನಿಯಾರ್ ಎಂಬ ಫ್ರೆಂಚ್ ಪಂಡಿತರು, ೧೮೨೮ರಲ್ಲಿ. ೧೯೩೭ರಲ್ಲಿ ವಿರ್ಕಿ ಎಂಬವರು ಭಾರತದ ಮತ್ತು ಆಸ್ಟ್ರೇಲಿಯದ ಕೆಳ ಗೊಂಡ್ವಾನ ಶಿಲೆಗಳೆರಡರಲ್ಲಿಯೂ ಇಂತಹ ರೆಕ್ಕೆಯ ಕಣಗಳಿರುವುದನ್ನು ಬರೆದು ಪ್ರಕಟಿಸಿದರು.

ನ್ಯಾಯಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಪರಿಚಿತವಾದ ದಾರಿಯೇ ಕಾಣುವುದು. ಹೊಳೆ ತುಂಬಿ ಕೆಂಪಾಗಿ ಹರಿಯುವುದನ್ನು ಕಂಡು ಮೇಲ್ನಾಡಿನಲ್ಲಿ ಮಳೆಯಾಯಿತೆಂದು ತಿಳಿಯುವುದು ಶೇಷವತ್ ಅನುಮಾನ. ಕಾರ್ಯದಿಂದ ಕಾರಣಕ್ಕೆ ಹೋಗುವುದು. ಒರಿಸ್ಸದ ತಾಲ್ಚೇರಿನಲ್ಲಿ ಕಲ್ಲಿದ್ದಲಿನ ಕೆಳಗಡೆ ಸಿಕ್ಕುವ ದೊಡ್ಡ ಗುಂಡುಗಳನ್ನು ಹಿಮವೇ ಹೊತ್ತು ತಂದಿತೆಂದು ಬ್ಲಾನ್‌ಫರ್ಡ್ ಸೋದರರೂ ಥಿಯೋಬಾಲ್ಡರೂ ೧೮೫೬ರಲ್ಲಿಯೇ ಊಹಿಸಿದರು. ಆ ಹಿಮದ ಅಂಚಿನ ಕೆಸರಿನಲ್ಲಿ ಒಂದೇ ರೆಕ್ಕೆಯು ಒಡಲನ್ನು ಬಳಸಿಕೊಂಡಿರುವ ಪರಾಗ ಹೆಚ್ಚು. ಮೇಲಕ್ಕೆ ಹೋದಂತೆ ಎರಡು ರೆಕ್ಕೆಯ ಗೆರೆಪರಾಗವು ತುಂಬುವುದು, ಕಲ್ಲಿದ್ದಲೂ ದಪ್ಪವಾಗುವುದು. ಸುಮಾರು ಇಪ್ಪತ್ತೈದು ಕೋಟಿ ಇಪ್ಪತ್ತು ಲಕ್ಷ ವರ್ಷಗಳ ಹಿಂದಕ್ಕೆ ಬಂದರೆ ಕಲ್ಲಿದ್ದಲು ಹಠಾತ್ತನೆ ನಿಂತುಹೋಗುವುದು. ಆ ಮೇಲಿನ ಬಹುಕಾಲದ ಕಲ್ಲಿದ್ದಲು ದಾಮೋದರ ಕಣಿವೆಯಲ್ಲಿ ಮಾತ್ರವಲ್ಲ, ಭೂಮಂಡಲದ ಯಾವ ಭಾಗದಲ್ಲಿಯೂ ಸಿಕ್ಕಿಲ್ಲ. ಭೂಮಿಯ ಜೀವರಾಶಿಯ ಅತಿ ದೊಡ್ಡ ಪ್ರಳಯವೊಂದು ಆಗ ನಡೆಯಿತು. ಗ್ಲಾಸಾಪ್ಟೆರಿಸ್ ಅರಣ್ಯವು ಅದರಲ್ಲಿ ಮುಗಿಯಿತು.

ಈಗ ನಮ್ಮ ಪ್ರಶ್ನೆಗೆ ಬರೋಣ. ಪರಾಗಕ್ಕೆ ಇರುವ ಗುರಿ ಒಂದೇ. ಗಾಳಿಯಲ್ಲಿ ತೇಲಿ ಅಂಡವನ್ನು ಸೇರಿ ಬೀಜಕ್ಕೆ ಕಾರಣವಾಗುವುದು. ಸೇರಿದ ಕಣವು ತನ್ನ ಸಾರವನ್ನು ಕೊಟ್ಟು ಮುಗಿಯಿತು. ಗುರಿ ತಪ್ಪಿದುದು ಜೌಗಿನ ಕೆಸರಿಗೆ ಬಿದ್ದಿತು. ಲಖ್ನೋವಿನ ಗಾಜಿನ ಪಟ್ಟಿಗಳ ಮೇಲೆ ಇಂದು ಕುಳಿತಿರುವುದೆಲ್ಲ ಬಹುಮಟ್ಟಿಗೆ ಹೀಗೆ ಗುರಿ ತಪ್ಪಿದವುಗಳೇ. ಇದನ್ನು ಕೇಳಿದ ಕೂಡಲೆ ಪುರಾಣ ಹೇಳುವವರ ಮುಖ ಅರಳುವುದು. ‘ನೋಡಿರಿ, ಸಫಲವಾದುದು ಅಳಿಯಿತು, ನಿಷ್ಫಲವಾದುದು ಇಪ್ಪತ್ತೈದು ಕೋಟಿ ವರ್ಷ ಬಾಳಿತು; ಸೋತವನೇ ಸಾಕ್ಷಿಯಾದನು’ ಎಂದು ಅವರು ಹೇಳುವುದು ನಮಗೆ ಈಗಲೇ ಕೇಳಿಸುತ್ತಿದೆ. ಮಾತು ಸೊಗಸಾಗಿದೆ, ಆದರೆ ತರ್ಕಕ್ಕೆ ನಿಲ್ಲದು.

ಮೊದಲನೆಯದಾಗಿ, ಸಫಲವಾದುದು ಅಳಿದೇ ಹೋಯಿತೆಂಬುದು ಪೂರ್ತಿ ನಿಜವಲ್ಲ. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ ಶಿಲೆಯಾದ ಗ್ಲಾಸಾಪ್ಟೆರಿಸ್ ಅಂಡಗಳೊಳಗೆ, ಪರಾಗನಳಿಕೆಯಿಂದ ಗಂಡುಕಣಗಳು ಹೊರಬೀಳುತ್ತಿರುವ ಕ್ಷಣವೇ ಉಳಿದುಬಂದಿರುವುದನ್ನು ಜಪಾನಿನ ನಿಶಿದರೂ ಅವರ ಸಂಗಡಿಗರೂ ೨೦೦೩ರಲ್ಲಿ ತಿಳಿಸಿದರು. ಎರಡನೆಯದಾಗಿ, ಕೆಸರಿಗೆ ಬಿದ್ದುದೆಲ್ಲವೂ ಉಳಿಯಲಿಲ್ಲ. ಒಣನೆಲದಲ್ಲಿ ಬಿದ್ದುದು ಗಾಳಿ ಬಿಸಿಲುಗಳಿಗೆ ಸವೆಯಿತು. ಆಳಕ್ಕೆ ಹೋದುದು ಶಾಖದಿಂದ ಹಳದಿಯಿಂದ ಕಂದಾಗಿ, ಕಂದಿನಿಂದ ಕಪ್ಪಾಗಿ, ಕೊನೆಗೆ ಗುರುತು ಸಿಕ್ಕದಂತಾಯಿತು. ಉಳಿದ ಅಲ್ಪವು ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದಂತೆ ಉಳಿಯಿತು. ಕಾಕತಾಳೀಯವನ್ನು ಫಲವೆಂದು ಕರೆದರೆ ಫಲವೆಂಬ ಶಬ್ದಕ್ಕೆ ಅರ್ಥವೇ ಹೋಗುವುದು. ಯಜ್ಞವು ಇಂದು ಮುಗಿಯುವುದು, ಸ್ವರ್ಗವು ಎಂದೋ ಸಿಕ್ಕುವುದು. ನಡುವಣ ಅಂತರವನ್ನು ಕಟ್ಟುವುದಕ್ಕೆ ಮೀಮಾಂಸಕರು ಅಪೂರ್ವವೆಂಬ ಕಾಣದ ಶಕ್ತಿಯನ್ನು ಒಪ್ಪಿದರು. ಆದರೆ ಆ ಅಪೂರ್ವವು ವಿಹಿತವಾದ ಕರ್ಮಕ್ಕೆ, ಅದನ್ನು ಮಾಡಿದ ಕರ್ತೃವಿಗೆ, ಹೇಳಿದ ಫಲವನ್ನೇ ತರುವುದು. ಪರಾಗವು ಯಾರಿಗೂ ಸಾಕ್ಷಿ ಹೇಳಹೊರಟುದಲ್ಲ. ಸಾಕ್ಷ್ಯವು ನೋಡಿದವನ ಫಲವೇ ಹೊರತು ಬಿದ್ದುದರ ಫಲವಲ್ಲ. ಆದುದರಿಂದ ಯಾವುದೂ ವ್ಯರ್ಥವಲ್ಲವೆಂಬ ಮಾತನ್ನು ನಾವು ಒಪ್ಪುವುದಿಲ್ಲ. ವ್ಯರ್ಥವಾಗುವುದು ಉಂಟು, ಬಹಳವಾಗಿ ಉಂಟು. ಜೌಗಿಗೆ ಬಿದ್ದ ಕಣಗಳಲ್ಲಿ ಬಹುತೇಕವೂ ಎರಡು ಅರ್ಥದಲ್ಲಿಯೂ ವ್ಯರ್ಥವಾದುವು.

ಆದರೆ ಮನುಷ್ಯನ ಕರ್ಮವು ಪರಾಗದಂತಲ್ಲ. ಇದಕ್ಕೆ ಇದೇ ಗ್ಲಾಸಾಪ್ಟೆರಿಸ್ಸಿನ ಚರಿತ್ರೆಯಲ್ಲಿಯೇ ಒಂದು ಉದಾಹರಣೆಯಿದೆ. ಸ್ಕಾಟ್ ಮಹಾಶಯರ ತಂಡದ ಐವರು ೧೯೧೨ರ ಜನವರಿ ೧೭ರಂದು ದಕ್ಷಿಣ ಧ್ರುವವನ್ನು ಮುಟ್ಟಿದರು. ನಾರ್ವೆಯ ಅಮುಂಡ್ಸೆನ್ ಅಲ್ಲಿಗೆ ಹಿಂದಿನ ಡಿಸೆಂಬರ್ ೧೪ರಂದೇ ಬಂದು ಹೋಗಿದ್ದರು. ಹಿಂದಿರುಗುವ ದಾರಿಯಲ್ಲಿ, ಆಹಾರವೂ ಬಲವೂ ಕಡಮೆಯಾಗುತ್ತಿದ್ದಾಗ, ಫೆಬ್ರವರಿ ತಿಂಗಳಲ್ಲಿ ಬಿಯರ್ಡ್‌ಮೋರ್ ಹಿಮನದಿಯ ಪಕ್ಕದ ಬಂಡೆಗಳಲ್ಲಿ ಅವರು ಕಲ್ಲಿದ್ದಲಿನ ಪದರಗಳನ್ನೂ ಎಲೆಯ ಅಚ್ಚುಗಳನ್ನೂ ಕಂಡರು. ವೈದ್ಯರೂ ಪ್ರಕೃತಿಶಾಸ್ತ್ರಜ್ಞರೂ ಆದ ವಿಲ್ಸನ್ನರು ಕಲ್ಲುಗಳನ್ನು ಆರಿಸಿದರು. ಐವರಲ್ಲಿ ಇಬ್ಬರು ದಾರಿಯಲ್ಲಿ ತೀರಿಕೊಂಡರು. ಉಳಿದ ಮೂವರು ಆಹಾರವನ್ನು ಕೂಡಿಟ್ಟಿದ್ದ ಸ್ಥಳಕ್ಕೆ ಹನ್ನೊಂದು ಮೈಲಿ ಇರುವಾಗ ಗುಡಾರದಲ್ಲಿ ಪ್ರಾಣ ಬಿಟ್ಟರು. ಆ ನವೆಂಬರಿನಲ್ಲಿ ಹುಡುಕಿಕೊಂಡು ಹೋದವರಿಗೆ ಶವಗಳೊಡನೆ ೩೫ ಪೌಂಡು ಕಲ್ಲುಗಳು ಸಿಕ್ಕಿದುವು. ಕೊನೆಯವರೆಗೂ ಅವನ್ನು ಅವರು ಬಿಸುಟಿರಲಿಲ್ಲ.

ಕೇಂಬ್ರಿಜ್ಜಿನ ಸೀವರ್ಡರು ೧೯೧೪ರಲ್ಲಿ ಆ ಕಲ್ಲುಗಳ ವಿವರಣೆಯನ್ನು ಬರೆದರು. ಅಚ್ಚುಗಳು ಗ್ಲಾಸಾಪ್ಟೆರಿಸ್ಸಿನ ಎಲೆಗಳು. ಅದೂ ನಮ್ಮ ದೇಶದ ಹೆಸರನ್ನೇ ಹೊತ್ತ ಇಂಡಿಕಾ ಎಂಬ ಪ್ರಭೇದ. ಅದೇ ಯಾತ್ರೆಯವರು ತಂದ ಮತ್ತೊಂದು ಕಲ್ಲಿನಲ್ಲಿ ರೆಕ್ಕೆಯ ಪರಾಗವನ್ನೂ ಅವರು ಕಂಡರು. ದಾಮೋದರದ ದಂಡೆಯ ಮರವು ಹಿಮದ ಖಂಡದಲ್ಲಿ ಬೆಳೆದಿದ್ದಿತೆಂದರೆ, ಆ ಎರಡು ನೆಲಗಳೂ ಒಂದು ಕಾಲಕ್ಕೆ ಕೂಡಿದ್ದುವೆಂಬುದಕ್ಕೆ ಅದು ಬಲವಾದ ಹೇತು.

ಇದು ಯಾತ್ರೆಯ ಫಲವೆ? ಧ್ರುವವನ್ನು ಮೊದಲು ಮುಟ್ಟುವುದು ಗುರಿಯಾಗಿತ್ತು; ಅದು ಕೈತಪ್ಪಿತು. ಬದುಕಿ ಹಿಂದಿರುಗುವುದು ಗುರಿಯಾಗಿತ್ತು, ಅದೂ ತಪ್ಪಿತು. ಆ ಎರಡು ಸೋಲುಗಳನ್ನು ಕಲ್ಲುಗಳು ಅಳಿಸಲಾರವು. ವಿಲ್ಸನ್ನರ ಮನೆಯವರ ಮುಂದೆ ನಿಂತು ‘ಯಾವುದೂ ವ್ಯರ್ಥವಾಗಲಿಲ್ಲ’ ಎನ್ನುವ ಎದೆಗಾರಿಕೆ ನಮಗಿಲ್ಲ. ಆ ಭಾರವಿಲ್ಲದಿದ್ದರೆ ಹನ್ನೊಂದು ಮೈಲಿಯನ್ನು ದಾಟುತ್ತಿದ್ದರೇನೋ ಎಂದು ಕೇಳುವವರೂ ಉಂಟು. ಅದನ್ನು ತೀರ್ಮಾನಿಸುವವರು ಯಾರು? ಆದರೆ ಕಲ್ಲು ಹೊತ್ತದ್ದು ಬೇರೆಯೇ ಒಂದು ಕರ್ಮವೆಂದು ನಮಗೆ ತೋರುವುದು. ಪರಾಗವು ಬಿದ್ದಿತು, ವಿಲ್ಸನ್ನರು ಹೊತ್ತರು. ಎಲ್ಲಿಯ ಕಲ್ಲು, ಎಂತಹ ಬಂಡೆಯಿಂದ ತೆಗೆದುದು ಎಂಬುದು ಅವರ ದಿನಚರಿಗಳಲ್ಲಿ ಬರೆದಿತ್ತು. ತಾವೇ ಓದಲಾಗದೆ ಹೋಗಬಹುದಾದುದನ್ನು ಮುಂದೆ ಯಾವನೋ ಓದುವಂತೆ ಅವರು ಇಟ್ಟರು. ಓದುವವನು ಬರುವನೆಂಬ ಭರವಸೆ ಅವರಿಗಿರಲಿಲ್ಲ. ಸೀವರ್ಡರು ಸಿಕ್ಕದೆ ಆ ಕಲ್ಲುಗಳು ಯಾವುದೋ ಪೆಟ್ಟಿಗೆಯಲ್ಲಿ ಕೊಳೆತಿದ್ದರೂ, ಇಟ್ಟ ಕೆಲಸವು ಪೂರ್ಣವಾಗಿಯೇ ಇರುತ್ತಿತ್ತು.

ಭೂಗರ್ಭಶಾಸ್ತ್ರಜ್ಞರು ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟು: ಎಷ್ಟೇ ಸುಂದರವಾದ ಅವಶೇಷವಾಗಲಿ, ಅದು ಯಾವ ಸ್ತರದಿಂದ ಬಂದಿತೆಂಬ ಚೀಟಿಯಿಲ್ಲದಿದ್ದರೆ ಅವರು ಅದನ್ನು ಸಾಕ್ಷಿಯಾಗಿ ಎಣಿಸುವುದಿಲ್ಲ. ಈ ಕಟ್ಟುನಿಟ್ಟು ಏಕೆ ಬೇಕೆಂಬುದಕ್ಕೆ ಸೀವರ್ಡರ ಶಿಷ್ಯರೂ, ೧೯೨೦ರಲ್ಲಿ ಗುರುಗಳೊಡನೆ ಭಾರತದ ಗೊಂಡ್ವಾನ ಸಸ್ಯಗಳನ್ನು ಪುನಃ ಪರಿಶೀಲಿಸಿ ಗ್ರಂಥ ಬರೆದವರೂ ಆದ ಬೀರಬಲ ಸಾಹನಿಯವರ ಜೀವಿತದಲ್ಲಿಯೇ ಒಂದು ಪ್ರಸಂಗವಿದೆ. ಪಂಜಾಬಿನ ಉಪ್ಪಿನ ಬೆಟ್ಟಗಳು ಅವರು ಹುಟ್ಟಿದ ಭೇರಾ ಊರಿಗೆ ದೂರವಲ್ಲ. ಆ ಉಪ್ಪು ಎಷ್ಟು ಹಳೆಯದೆಂಬ ವಿಷಯದಲ್ಲಿ ಪಂಡಿತರಲ್ಲಿ ಎರಡು ಪಂಗಡಗಳಿದ್ದುವು. ಸಾಹನಿಯವರು ೧೯೪೦ರ ದಶಕದಲ್ಲಿ ಆ ಉಪ್ಪನ್ನೂ ಅದರ ಜೊತೆಯ ಶಿಲೆಗಳನ್ನೂ ಕರಗಿಸಿ ಸೋಸಿ, ಹೂಬಿಡುವ ಮರಗಳ ಸೂಕ್ಷ್ಮ ತುಣುಕುಗಳನ್ನೂ ಕೀಟದ ಅಂಶಗಳನ್ನೂ ಕಂಡರು. ಹೂಮರಗಳು ಅತಿ ಪ್ರಾಚೀನ ಯುಗದಲ್ಲಿ ಇರಲಿಲ್ಲ. ಆದುದರಿಂದ ಉಪ್ಪು ಈಚಿನದು, ಐದಾರು ಕೋಟಿ ವರ್ಷಗಳೊಳಗಿನದು ಎಂದು ಸಾಧಿಸಿದರು. ಬೆಟ್ಟಗಳನ್ನು ಅಳೆದ ಭೂಗರ್ಭಶಾಸ್ತ್ರಜ್ಞರು, ಇಲ್ಲ, ಇದು ಬಹಳ ಪುರಾತನ, ಆ ತುಣುಕುಗಳು ಹೊರಗಿನಿಂದ ಸೇರಿದವು ಎಂದರು. ವಾದವು ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ನಡೆಯಿತು. ಇಂದು ಸಿದ್ಧವಾಗಿರುವುದು ಎರಡನೆಯ ಪಕ್ಷವೇ. ಆ ಉಪ್ಪು ಐವತ್ತು ಕೋಟಿ ವರ್ಷಗಳಿಗಿಂತಲೂ ಹಳೆಯದು.

ಇದನ್ನು ತರ್ಕದ ಭಾಷೆಯಲ್ಲಿ ಇಟ್ಟು ನೋಡಿದರೆ ಬಹಳ ತಿಳಿಯಾಗುವುದು. ಸಾಹನಿಯವರ ವ್ಯಾಪ್ತಿಯಲ್ಲಿ ದೋಷವಿಲ್ಲ. ಎಲ್ಲಿ ಹೂಮರದ ತುಣುಕು ಶಿಲೆಯೊಡನೆಯೇ ಹುಟ್ಟಿದೆಯೋ ಅಲ್ಲಿ ಆ ಶಿಲೆ ಈಚಿನದೇ. ದೋಷವಿರುವುದು ಪಕ್ಷಧರ್ಮತೆಯಲ್ಲಿ. ಹೇತುವು ಪಕ್ಷದಲ್ಲಿ ನಿಜವಾಗಿ ಇರಲಿಲ್ಲ; ಬಿರುಕಿನಲ್ಲಿ ಇಳಿದ ನೀರಿನಿಂದಲೋ ಗಾಳಿಯಿಂದಲೋ ಬಂದು ಸೇರಿದುದು ಅಲ್ಲಿಯದರಂತೆ ಕಾಣಿಸಿತು. ನಮ್ಮ ಶಾಸ್ತ್ರಕಾರರು ಇದನ್ನು ಸ್ವರೂಪಾಸಿದ್ಧವೆಂಬ ಹೇತ್ವಾಭಾಸವೆಂದು ಕರೆದರು. ಪಾಠಶಾಲೆಯಲ್ಲಿ ಇದಕ್ಕೆ ಕೊಡುತ್ತಿದ್ದ ಉದಾಹರಣೆ, ಶಬ್ದವು ಗುಣ, ಕಣ್ಣಿಗೆ ಕಾಣುವುದರಿಂದ ಎಂಬುದು. ಇಷ್ಟು ದಡ್ಡತನವನ್ನು ಯಾರು ಮಾಡುವರೆಂದು ನಾವು ನಗುತ್ತಿದ್ದೆವು. ಮಹಾಮೇಧಾವಿಯೂ ಸತ್ಯಸಂಧರೂ ಆದವರ ಕೈಯಲ್ಲಿಯೂ ಅದು ಬರಬಲ್ಲುದೆಂಬುದನ್ನು ಆ ಉದಾಹರಣೆಯು ನಮಗೆ ಕಲಿಸಲಿಲ್ಲ.

ಸಾಹನಿಯವರ ಆ ಶ್ರಮಕ್ಕೆ ಫಲವು ವಿಪರೀತವಾಯಿತು. ಹಾಗಾದರೆ ಅದು ವ್ಯರ್ಥವೆ? ನಾವು ಮೇಲೆ ಹೇಳಿದ ಅಳತೆಯಲ್ಲಿಯೇ ನೋಡಬೇಕು. ಅವರು ಯಾವ ಗಣಿಯಿಂದ, ಯಾವ ಶಿಲೆಯಿಂದ, ಹೇಗೆ ತೊಳೆದು ತೆಗೆದರೆಂಬುದನ್ನು ಮರೆಮಾಚದೆ ಬರೆದರು. ಮಾದರಿಗೆ ಹೊರಗಿನ ಧೂಳು ಸೇರದಂತೆ ತಾವು ಪಟ್ಟ ಎಚ್ಚರವನ್ನೂ ಬರೆದರು. ಆದುದರಿಂದಲೇ ಮತ್ತೊಬ್ಬರು ಅದೇ ದಾರಿಯಲ್ಲಿ ನಡೆದು ತಪ್ಪಿದ ತಾವನ್ನು ತೋರಿಸಲು ಸಾಧ್ಯವಾಯಿತು. ತೀರ್ಮಾನವು ಬಿದ್ದಿತು, ಸಾಕ್ಷ್ಯವನ್ನು ಒಪ್ಪಿಸಿದ ಕ್ರಮವು ಬೀಳಲಿಲ್ಲ. ಇದನ್ನು ನಾವು ಫಲವೆನ್ನುವುದಿಲ್ಲ, ಋಜುತ್ವವೆನ್ನುತ್ತೇವೆ. ಲಖ್ನೋವಿನ ತಮ್ಮ ಸಂಸ್ಥೆಯ ಕಟ್ಟಡಕ್ಕೆ ೧೯೪೯ರ ಏಪ್ರಿಲ್ ೩ರಂದು ನೆಹರೂ ಅವರಿಂದ ಶಿಲಾನ್ಯಾಸವಾದ ಒಂದು ವಾರದೊಳಗೆ ಸಾಹನಿಯವರು ತೀರಿಕೊಂಡರು. ಅವರ ಪತ್ನಿ ಸಾವಿತ್ರಿಯವರು ಆ ಕೆಲಸವನ್ನು ಹೊತ್ತು ನಡೆಸಿದರು. ಗೊಂಡ್ವಾನ ಪರಾಗದ ಬಗೆಗೆ ಇಂದು ನಾವು ತಿಳಿದಿರುವುದರಲ್ಲಿ ಬಹಳಷ್ಟು ಆ ಮನೆಯಿಂದ ಬಂದುದು.

ಹೀಗೆಂದರೆ, ಫಲದ ಚಿಂತೆಯನ್ನೇ ಬಿಟ್ಟು ಕರ್ಮ ಮಾಡೆಂದು ಗೀತೆ ಹೇಳಿದುದೂ ಇದೇ ಅಲ್ಲವೆ ಎಂದು ಕೆಲವರು ಕೇಳಬಹುದು. ಪೂರ್ತಿ ಇದೇ ಅಲ್ಲ. ಅಥವಾ ನಮ್ಮ ಉಪಾಧ್ಯಾಯ ವರ್ಗದಲ್ಲಿ ಆ ಮಾತನ್ನು ಬಳಸುವ ರೀತಿಯಂತೂ ಖಂಡಿತ ಇದಲ್ಲ. ‘ನಾನು ಹೇಳಿದ್ದೇನೆ, ಕಲಿಯುವುದು ಬಿಡುವುದು ಅವನ ಹಣೆಬರಹ’ ಎಂಬ ಉದಾಸೀನಕ್ಕೆ ನಿಷ್ಕಾಮವೆಂಬ ರೇಷ್ಮೆ ಹೊದೆಸಿದವರನ್ನು ನಾವು ಬಹಳ ಮಂದಿಯನ್ನು ಕಂಡಿದ್ದೇವೆ. ಫಲದ ಆಸೆಯನ್ನು ಬಿಟ್ಟವನಿಗೆ ಒಪ್ಪಿಸುವ ಹೊಣೆ ಬಿಟ್ಟುಹೋಗುವುದಿಲ್ಲ, ಇನ್ನೂ ಹೆಚ್ಚುವುದು. ನಮ್ಮ ಮಿತ್ರರು ಕೇಳಬೇಕಾದ ಪ್ರಶ್ನೆಯು, ರಾಮಶಬ್ದ ಯಾರಿಗೆ ನೆನಪಿದೆ ಎಂಬುದಲ್ಲ. ಆ ರೂಪಗಳು ಎಲ್ಲಿಂದ ಬಂದುವು, ಸಂದೇಹ ಬಂದರೆ ಯಾವ ಸೂತ್ರದಲ್ಲಿ ನೋಡಬೇಕು, ಗುರುವೇ ತಪ್ಪು ಹೇಳಿದರೆ ಶಿಷ್ಯನು ಹೇಗೆ ಕಂಡುಹಿಡಿಯಬೇಕು, ಇದನ್ನು ಜೊತೆಗೆ ಕೊಟ್ಟರೋ ಇಲ್ಲವೋ ಎಂಬುದು. ಬರಿಯ ಬಾಯಿಪಾಠವು ಚೀಟಿಯಿಲ್ಲದ ಕಲ್ಲು. ಅವರು ಚೀಟಿ ಕಟ್ಟಿದ್ದರೆಂದೇ ನಾವು ಬಲ್ಲೆವು; ಪಕ್ಕದ ಕೊಠಡಿಯಲ್ಲಿ ಪಾಠ ಹೇಳುತ್ತಿದ್ದವರಿಗೆ ಇಷ್ಟು ತಿಳಿಯದೆ ಇರದು. ಮುಂದಿನದು ಓದುವವನು ಬರುವುದರ ಮೇಲೆ ನಿಂತಿದೆ. ಬಾರದೆ ಇರಬಹುದು. ಅದನ್ನು ನಷ್ಟವೆಂದೇ ಕರೆಯೋಣ. ಆದರೆ ಅದು ಅವರ ಲೆಕ್ಕದಲ್ಲಿ ಬರೆಯಬೇಕಾದ ನಷ್ಟವಲ್ಲ.

ಓದುವವನ ಹೊಣೆಯ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕಾಗಿದೆ. ಗೋದಾವರಿ ಕಣಿವೆಯ ಯೆಲ್ಲಂದುವಿನ ಬಳಿ ಕಲ್ಲಿದ್ದಲನ್ನು ಕಂಡವರು ಪರಿಶೋಧನಾ ಇಲಾಖೆಯ ವಿಲಿಯಂ ಕಿಂಗರು, ೧೮೭೧ರಲ್ಲಿ. ಅಲ್ಲಿಯ ಸಿಂಗರೇಣಿ ಗಣಿಗಳ ಕಲ್ಲಿದ್ದಲು ಇಂದು ರೈಲಿನಲ್ಲಿ ರಾಯಚೂರಿನ ಬಳಿಯ ಶಕ್ತಿನಗರಕ್ಕೆ ಬಂದು ಉರಿದು, ನಮ್ಮ ಮನೆಗಳ ದೀಪವಾಗುವುದು. ಈ ಲೇಖನವನ್ನು ಬರೆಯುತ್ತಿರುವ ದೀಪಕ್ಕೂ ಅದರ ಪಾಲಿರಬಹುದು. ಅದೂ ಗ್ಲಾಸಾಪ್ಟೆರಿಸ್ ಕಾಲದ್ದೇ. ಒಂದೊಂದು ಬಂಡಿಯಲ್ಲಿ ಎಷ್ಟು ಪರಾಗ ಹೋಗುವುದೋ ಎಣಿಸಿದವರಿಲ್ಲ. ಸಾಕ್ಷಿಯನ್ನು ಸುಟ್ಟು ಅಡಿಗೆ ಮಾಡಿಕೊಳ್ಳುವುದು ಅಧರ್ಮವೆಂದು ನಾವು ಹೇಳಹೊರಟಿಲ್ಲ. ಹಸಿದವನ ಮುಂದೆ ಹಾಗೆ ಹೇಳುವುದು ನಗೆಗೀಡು. ಸುಟ್ಟ ಹೊಗೆಯಿಂದ ಲೋಕದ ಶಾಖವೇ ಏರುತ್ತಿದೆಯೆಂಬ ದೂರು ಇದಕ್ಕಿಂತ ಭಾರವಾದುದು. ಅದನ್ನು ಬಲ್ಲವರು ಬೇರೆಯಾಗಿ ಬರೆಯುತ್ತಿದ್ದಾರೆ. ನಾವು ಕೇಳುವುದು ಅಲ್ಪ. ಗಣಿಗಾಗಿ ನೆಲವನ್ನು ಕೊರೆದಾಗ ಮೇಲಿಂದ ಕೆಳಕ್ಕೆ ಪದರಪದರವಾಗಿ ಕಲ್ಲಿನ ಕಂಬಗಳು ಹೊರಗೆ ಬರುವುವು. ಕಲ್ಲಿದ್ದಲಿನ ದಪ್ಪವನ್ನೂ ಬೂದಿಯ ಪಾಲನ್ನೂ ಬರೆದುಕೊಂಡ ಮೇಲೆ, ಪ್ರತಿಯೊಂದು ಪದರದಿಂದ ಒಂದು ಹಿಡಿಯಷ್ಟನ್ನು, ಊರು, ಆಳ, ದಿನಾಂಕಗಳ ಚೀಟಿ ಕಟ್ಟಿ, ಮಳೆ ತಾಗದ ಒಂದು ಕೊಠಡಿಯಲ್ಲಿ ಇಟ್ಟರೆ ಸಾಕು. ಉಳಿದ ಬೆಟ್ಟದಷ್ಟು ಕಲ್ಲಿದ್ದಲು ಒಲೆಗೆ ಹೋಗಲಿ.